ಸಂತೆಯಿಂದ ಸಂತೆಗೆ ಬ್ಯಾಟರಿ ಗಾಡಿ

ಹುಣಸೂರಿನಲ್ಲಿ ಬ್ಯಾಟರಿ ಗಾಡಿಯ ಅಂಗಡಿ ತೆರೆದ ಮೇಲೆ ನಾನು ಅಲ್ಲಿಗೆ ಹೋದದ್ದು ಆಸೆಯಿಂದಲ್ಲ, ಗತಿಯಿಲ್ಲದೆ. ಆಸೆಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೊದಲು ಮಿಕ್ಸಿ, ಫ್ಯಾನು ಮಾರುತ್ತಿದ್ದ ಮಳಿಗೆಗೆ ಬಲೂನು ಕಟ್ಟಿ, ಒಳಗೆ ಒಂದಷ್ಟು ಸ್ಕೂಟರ್ ಸಾಲಾಗಿ ನಿಲ್ಲಿಸಿ, ಟೈ ಕಟ್ಟಿದವನೊಬ್ಬನನ್ನು ಕೂರಿಸಿದ್ದರು. ಬಲೂನುಗಳು ಆಗಲೇ ಗಾಳಿ ಬಿಟ್ಟು ಸುಕ್ಕಾಗಿದ್ದವು.

ಗಾಡಿ ಬೇಕಾಗಿದ್ದದ್ದು ನನ್ನ ಹೆಂಡತಿಗೆ. ಅವಳು ಸರ್ಕಾರಿ ನರ್ಸಮ್ಮ. ವೀರನಹೊಸಹಳ್ಳಿ ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ ಅವಳದು. ಹುಣಸೂರಿನಿಂದ ಹೊರಟ ಬೆಳಗಿನ ಬಸ್ಸು ಅಲ್ಲಿಗೆ ಮುಟ್ಟುವಾಗ ಹತ್ತು ಗಂಟೆ ಆಗುತ್ತಿತ್ತು. ಹೊಸದಾಗಿ ಬಂದ ಮೇಲಧಿಕಾರಿ, ಬರುವ ತಿಂಗಳಿಂದ ಒಂಬತ್ತಕ್ಕೆ ಬಾಗಿಲು ತೆರೆದಿರಬೇಕು, ಆಗದಿದ್ದರೆ ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕು ಎಂದು ಹೇಳಿಬಿಟ್ಟರು. ಅವರು ಮಾತ್ರ ಮೈಸೂರಿನಿಂದ ಜೀಪಿನಲ್ಲಿ ಹನ್ನೊಂದಕ್ಕೆ ಬರುತ್ತಿದ್ದರು. ಕ್ವಾರ್ಟರ್ಸು ಎಂದರೆ ಉಪಕೇಂದ್ರದ ಹಿಂದಿನ ಒಂದು ಕೋಣೆ, ಒಂದು ಒಲೆ, ಅದರಾಚೆ ಕಾಡು. ನನಗೆ ಪಿರಿಯಾಪಟ್ಟಣದ ಒಂದು ಸಹಕಾರ ಸಂಘದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಮಗಳು ಹುಣಸೂರಿನಲ್ಲಿ ಎರಡನೇ ಕ್ಲಾಸು ಓದುತ್ತಿದ್ದಳು. ಹೆಂಡತಿ ಅಲ್ಲಿ ಉಳಿದರೆ ಮಗಳೂ ಸ್ಕೂಲು ಬಿಟ್ಟು ಅವಳ ಜೊತೆ ಹೋಗಬೇಕು, ನಾನು ಇಲ್ಲಿ ಒಬ್ಬನೇ. ಇದ್ದ ಒಂದು ಮನೆ ಎರಡಾಗುತ್ತಿತ್ತು.

ಮೊಪೆಡ್ ಕೊಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅವಳು ಒಮ್ಮೆ ಪಕ್ಕದ ಮನೆಯವರ ಮೊಪೆಡ್ ಕಲಿಯಲು ಹೋಗಿದ್ದಳು. ಗಾಬರಿಯಲ್ಲಿ ಆಕ್ಸಿಲರೇಟರ್ ಬಿಡುವ ಬದಲು ಪೂರಾ ತಿರುಚಿ ಚರಂಡಿಗೆ ಇಳಿದಿದ್ದಳು. ಆಮೇಲೆ ಮೊಪೆಡ್ಡಿನ ಸದ್ದು ಕೇಳಿದರೇ ರಸ್ತೆಯ ಅಂಚಿಗೆ ಸರಿಯುತ್ತಿದ್ದಳು. ಲೈಸೆನ್ಸಿನ ಮಾತು ಎತ್ತುವ ಹಾಗೇ ಇರಲಿಲ್ಲ.

ಅಂಗಡಿಯವನು ನನ್ನನ್ನು ಕಂಡದ್ದೇ ಶುರು ಮಾಡಿದ.

"ಪೆಟ್ರೋಲ್ ಬೇಡ ಸಾರ್. ಲೈಸೆನ್ಸ್ ಬೇಡ. ಆರ್‌ಟಿಒ ಆಫೀಸಿಗೆ ಅಲೆಯೋದು ಬೇಡ. ಕಿಕ್ ಹೊಡೆಯೋದು ಬೇಡ. ಹೊಗೆ ಇಲ್ಲ, ಸದ್ದಿಲ್ಲ."

"ಇಲ್ಲದ್ದೆಲ್ಲ ಹೇಳಿದ್ರಿ. ಇರೋದೇನು?" ಎಂದು ಕೇಳಿದೆ.

ಅವನು ಸಾಲಾಗಿ ನಿಂತ ಗಾಡಿಗಳ ಕಡೆ ಕೈ ತೋರಿಸಿದ. "ನಾಲ್ಕು ಬಣ್ಣ ಇದೆ ಸಾರ್" ಎಂದ.

ಕೈಗೊಂದು ಬಣ್ಣದ ಕಾಗದ ಕೊಟ್ಟ. ನಾನು ಹೊಲದ ಕೆಲಸ ಮಾಡಿಕೊಂಡು, ಮೀಸೆ ಬಂದು ಎಷ್ಟೋ ಕಾಲವಾದ ಮೇಲೆ ಹತ್ತನೇ ಕ್ಲಾಸು ಕಟ್ಟಿ ಪಾಸು ಮಾಡಿದವನು. ಅಚ್ಚಾದದ್ದು ಏನೇ ಇರಲಿ, ಮೇಲಿಂದ ಕೆಳಗಿನವರೆಗೆ ಓದದೆ ಬಿಡುವ ಅಭ್ಯಾಸವಿಲ್ಲ. ಕಾಗದದ ತುಂಬಾ ಒಬ್ಬ ಬೆಳ್ಳಗಿನ ಹುಡುಗಿ ಗಾಡಿಯ ಮೇಲೆ ಕೂತಿದ್ದಳು, ಕೂದಲು ಹಿಂದಕ್ಕೆ ಹಾರುತ್ತಿತ್ತು. ಆ ಗಾಡಿಯ ಅತಿ ಹೆಚ್ಚಿನ ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್. ಆ ವೇಗದಲ್ಲಿ ಕೂದಲು ಹಾರಬೇಕಾದರೆ ಬಿರುಗಾಳಿಯೇ ಬೀಸಬೇಕು. ಒಂದು ಸಲ ಚಾರ್ಜ್ ಮಾಡಿದರೆ ಎಪ್ಪತ್ತು ಕಿಲೋಮೀಟರ್ ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಇರುವೆ ಸಾಲಿನಂತೆ ಇನ್ನೊಂದು ಸಾಲು: ಮಟ್ಟಸ ರಸ್ತೆ, ಎದುರುಗಾಳಿ ಇರಬಾರದು, ಕಡಿಮೆ ತೂಕದ ಒಬ್ಬರೇ ಸವಾರರು. ಅಂಥ ರಸ್ತೆ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆಯೋ ನನಗಿನ್ನೂ ಗೊತ್ತಿಲ್ಲ.

ಅವತ್ತು ಸಂತೆ. ಕೆ.ಆರ್. ನಗರದ ಕಡೆಯಿಂದ ಬಂದಿದ್ದ ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ನನ್ನ ಜೊತೆಗಿದ್ದರು. ಸಾಲಿಗ್ರಾಮದ ಹತ್ತಿರ ಗದ್ದೆ ಮಾಡುವವರು. ಎತ್ತು ಕೊಳ್ಳುವುದಕ್ಕೆ ಅವರದೊಂದು ಪದ್ಧತಿ ಇತ್ತು. ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗಿ, ಒಂದು ಸಂತೆಯಿಂದ ಮುಂದಿನ ಸಂತೆಯವರೆಗೆ ಉಳುಮೆಗೆ ಹೂಡಿ ಗೇಯಿಸಿ ನೋಡುವುದು. ಒದೆಯುತ್ತದೋ, ಹಾಯುತ್ತದೋ, ಏರು ಬಂದಾಗ ನೊಗದಲ್ಲೇ ಮಲಗಿಬಿಡುತ್ತದೋ ಎಲ್ಲ ಆ ವಾರದಲ್ಲಿ ತಿಳಿಯಬೇಕು. ತಪ್ಪಿದ್ದರೆ ತಂದು ಒಪ್ಪಿಸಿದರಾಯಿತು, ಯಾರೂ ಜಗಳ ಮಾಡುವುದಿಲ್ಲ. ಗಾಡಿಗೂ ಅದೇ ಪದ್ಧತಿ ಎಂದು ಮಾವ ಹಿಡಿದು ಕೂತರು.

"ಗೇಯ್ಮೆ ನೋಡ್ದೆ ಯಾರಾದ್ರೂ ತಕ್ಕಂಡಾರಾ ಸ್ವಾಮಿ? ಬರೋ ಸಂತೆಗೆ ಬತ್ತೀವಿ. ಚೆಂದಾಗಿದ್ರೆ ದುಡ್ಡು, ಇಲ್ದಿದ್ರೆ ನಿಮ್ ಗಾಡಿ ನಿಮಗೆ."

"ಯಜಮಾನ್ರೇ, ಈ ರೋಡಲ್ಲಿ ಒಂದು ರೌಂಡು ಹೋಗ್ಬನ್ನಿ. ಅಷ್ಟೇ ನಾವು ಕೊಡೋದು."

"ಒಂದ್ ರೌಂಡು ಸಾಯೋ ಎತ್ತೂ ಓಡ್ತದೆ ಬುಡಿ."

ಅಂಗಡಿ ತೆರೆದು ತಿಂಗಳಾಗಿದ್ದರೂ ಒಂದು ಗಾಡಿಯೂ ಹೋದಂತೆ ಕಾಣಲಿಲ್ಲ. ಊರಿನವರ ಕಣ್ಣಿಗಾದರೂ ಬೀಳಲಿ ಎಂದುಕೊಂಡನೋ ಏನೋ, ಒಪ್ಪಿದ.

ಮನೆಗೆ ಬರುವಾಗಲೇ ಅದರ ಹಣೆಬರಹ ಗೊತ್ತಾಯಿತು. ಹೊಳೆಯ ಸೇತುವೆ ದಾಟಿ ರಸ್ತೆ ಸ್ವಲ್ಪ ಏರುವಲ್ಲಿ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ನನ್ನನ್ನು ಹಿಂದೆ ಹಾಕಿ ಹೋದ. ಹೋಗುವಾಗ ತಿರುಗಿ ನೋಡಿ, ಪಾಪ ಅನ್ನುವ ಮುಖ ಮಾಡಿದ. ಸದ್ದಿಲ್ಲ ಎಂದು ಹೊಗಳಿದ್ದನಲ್ಲ, ಆ ಕಾರಣಕ್ಕೆ ಮುಂದೆ ನಡೆಯುವವರಾಗಲಿ ಎಮ್ಮೆಗಳಾಗಲಿ ದಾರಿಯನ್ನೇ ಬಿಡಲಿಲ್ಲ. ಹಾರ್ನ್ ಒತ್ತಿದರೆ ಮೇಕೆ ಮರಿಯ ದನಿ. ಕೊನೆಗೆ ನಾನೇ ಬಾಯಿಬಿಟ್ಟು "ದಾರಿ, ದಾರಿ" ಎಂದು ಕೂಗಿಕೊಂಡು ಬಂದೆ.

ಟೀ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಲೋಟ ಹಿಡಿದುಕೊಂಡೇ ಹೊರಗೆ ಬಂದ.

"ಏನ್ಲಾ, ಮಗಳ್ಗೆ ಆಟ ಆಡಕ್ಕೆ ತಂದ್ಯಾ?"

"ಇದಕ್ಕೆ ಲೈಸೆನ್ಸ್ ಬೇಡ ಕಣ್ಲಾ" ಎಂದೆ, ಏನಾದರೊಂದು ಹೇಳಬೇಕಲ್ಲ ಎಂದು.

"ಅಂಗಂದ್ರೆ ಸರ್ಕಾರದೋರೂ ಇದ್ನ ಗಾಡಿ ಅಂತ ಒಪ್ಪಿಲ್ಲ ಅನ್ನು."

ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನನಗೂ ಅವರ ಮಾತೇ ಸರಿ ಎನಿಸಿತು.

ಓಡುವಾಗ ಗಾಡಿಗೆ ಇಲ್ಲದ ಸದ್ದು ಚಾರ್ಜರಿಗೆ ಇತ್ತು. ಗೋಡೆಯ ಪಕ್ಕ ಕೂತು ರಾತ್ರಿಯಿಡೀ ಗುಂಯ್ ಅನ್ನುತ್ತಿತ್ತು. ಕೆಂಪು ದೀಪ ಹಸಿರಾದರೆ ಹೊಟ್ಟೆ ತುಂಬಿತು ಎಂದು ಅರ್ಥವಂತೆ. ಆಗ ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ, ಬೆಳಗಿನ ಜಾವ ಮತ್ತೆ ಹೋಗುತ್ತಿತ್ತು. ಹಸಿರು ದೀಪ ಕಾಣುವುದು ಅಪರೂಪವಾಗಿತ್ತು.

ಮಾರನೆಯ ದಿನ ಊರಿಗೆ ಹೊರಡುವ ಮುಂಚೆ ಮಾವ ತಮ್ಮ ಪರೀಕ್ಷೆ ಮಾಡಿದರು. ಕಾಲಿಡುವ ಜಾಗಕ್ಕೆ ಒಂದು ಹಿಂಡಿ ಮೂಟೆ ಹಾಕಿ, ಹಿಂದೆ ತಾವೇ ಕೂತು, ಎಚ್.ಡಿ. ಕೋಟೆ ರಸ್ತೆಯ ದಿಬ್ಬಕ್ಕೆ ನಡೆಯಿರಿ ಎಂದರು. ದಿಬ್ಬದ ಅರ್ಧಕ್ಕೆ ಗಾಡಿ ಒಂದು ಸಲ ಮುಲುಗಿ ನಿಂತಿತು. ಮಾವ ಇಳಿದು, ಪಂಚೆ ಎತ್ತಿ ಕಟ್ಟಿ, ಅದರ ಸುತ್ತ ಒಂದು ಸುತ್ತು ಬಂದರು.

"ಮಲೀಕತ್ತು" ಎಂದರು.

"ಬ್ಯಾಟ್ರಿ ಬಿಸಿಯಾಗಿದೆ ಮಾವ. ಸ್ವಲ್ಪ ಹೊತ್ತು ಬಿಟ್ರೆ..."

"ಎತ್ತು ಮಲೀಕಂಡ್ರೆ ಬಾಲ ತಿರುಚ್ಬೌದು. ಇದಕ್ಕೆ ಬಾಲ ಎಲ್ಲೈತೆ ತೋರ್ಸಿ ಅಳಿಯಂದ್ರೆ."

ತಳ್ಳಿಕೊಂಡು ಬರುವಾಗ ಎದುರಿಗೆ ಸಿಕ್ಕ ಒಬ್ಬಾತ, ಎತ್ತಿನ ವಯಸ್ಸು ಕೇಳುವವನಂತೆ, "ಹಲ್ ಎಣ್ಸಿ ತಂದ್ರಾ ಯಜಮಾನ್ರೆ?" ಎಂದ. ಮಾವ ಹಿಂಡಿ ಮೂಟೆಯನ್ನು ಸರಿಮಾಡುತ್ತ ನಡೆದರು.

ನಿಜ ಹೇಳಬೇಕೆಂದರೆ ಮಾವನ ಪರೀಕ್ಷೆಯೂ ಪರೀಕ್ಷೆಯಲ್ಲ. ನನ್ನ ಹೆಂಡತಿ ಹಿಂಡಿ ಮೂಟೆಯನ್ನೂ ಅಪ್ಪನನ್ನೂ ಹೇರಿಕೊಂಡು ಮಕ್ಕಳಿಗೆ ಲಸಿಕೆ ಹಾಕಲು ಹೋಗುವುದಿಲ್ಲ. ಆದ್ದರಿಂದ ನಾನು ಒಂದು ದಿನ ರಜೆ ಹಾಕಿ, ಅವಳು ಹೋಗುವ ದಾರಿಯಲ್ಲೇ, ಅವಳು ಹೋಗಬೇಕಾದ ಹೊತ್ತಿಗೇ ಹೊರಟೆ. ರಾತ್ರಿ ದೇವರ ದಯೆಯಿಂದ ಕರೆಂಟ್ ಇತ್ತು, ದೀಪ ಹಸಿರಾಗಿತ್ತು. ಮೆಲ್ಲಗೆ ಹೋದೆ. ಟ್ರ್ಯಾಕ್ಟರುಗಳು ಬೈದುಕೊಂಡು ಮುಂದೆ ಹೋದವು. ಆದರೂ ಒಂಬತ್ತಕ್ಕೆ ಮುಂಚೆಯೇ ಉಪಕೇಂದ್ರದ ಜಗಲಿ ಮೇಲೆ ಕೂತಿದ್ದೆ. ಹತ್ತು ಗಂಟೆಗೆ ಬಸ್ಸಿಳಿದು ಬಂದ ಹೆಂಡತಿ ನನ್ನನ್ನು ನೋಡಿ ಕಣ್ಣರಳಿಸಿದಳು.

"ಮುಟ್ತಲ್ರೀ!"

"ಮುಟ್ತು" ಎಂದೆ. ಆ ಗಾಡಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಅದೊಂದೇ ಗಳಿಗೆ.

ಅಲ್ಲಿ ಚಾರ್ಜಿಗೆ ಹಾಕೋಣವೆಂದರೆ ದಿನವೆಲ್ಲ ಕರೆಂಟಿಲ್ಲ. ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಿ, ನಾನು ಗಾಡಿಯಲ್ಲಿ ಹೊರಟೆ. ಹ್ಯಾಂಡಲ್ಲಿನ ನಡುವೆ ಚಾರ್ಜ್ ತೋರಿಸಲು ಪುಟ್ಟ ದೀಪಗಳ ಸಾಲಿತ್ತು. ಹೊರಡುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯುತ್ತಿದ್ದವು. ಸ್ವಲ್ಪ ದೂರ ಬಂದೊಡನೆ ಏನೋ ನೆನಪಾದವುಗಳಂತೆ ಎಲ್ಲ ಒಟ್ಟಿಗೆ ಆರಿದವು. ಆನೆ ದಾಟುತ್ತದೆಂದು ಜನ ಹೇಳುವ ಜಾಗ ಅದು. ಹೊತ್ತು ಮುಳುಗುತ್ತಿತ್ತು. ತಳ್ಳಿದೆ. ಬ್ಯಾಟರಿ ಹೊತ್ತ ಆ ಗಾಡಿ ಓಡುವಾಗ ಎಷ್ಟು ಹಗುರವೋ ತಳ್ಳುವಾಗ ಅಷ್ಟು ಭಾರ. ತಲೆಯ ಮೇಲೆ ಸೌದೆ ಹೊರೆ ಹೊತ್ತ ಒಬ್ಬ ಮುದುಕಿ ನನ್ನ ಪಕ್ಕ ಬಂದು, ನನ್ನನ್ನು ದಾಟಿ, ಮುಂದೆ ಹೋಗಿ ತಿರುವಿನಲ್ಲಿ ಕಾಣೆಯಾದಳು. ನನ್ನ ಜಾಗದಲ್ಲಿ ಲಸಿಕೆ ಪೆಟ್ಟಿಗೆ ಹಿಡಿದು ನನ್ನ ಹೆಂಡತಿ ಒಬ್ಬಳೇ ನಿಂತಿದ್ದರೆ ಎಂದು ನೆನೆದೆ. ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಬಂದ ಒಂದು ಟೆಂಪೋದವರು ನನ್ನನ್ನೂ ಗಾಡಿಯನ್ನೂ ಎತ್ತಿ ಹಾಕಿಕೊಂಡು ಬಂದು ಮನೆ ಮುಂದೆ ಇಳಿಸಿದರು.

"ಬೇಡ ಇದು. ತಗಡು. ಸುಡಗಾಡು" ಎಂದೆ ಊಟಕ್ಕೆ ಕೂತಾಗ. ಇನ್ನೂ ಏನೇನೋ ಅಂದೆ. ಹೆಂಡತಿ ಅನ್ನ ಬಡಿಸಿದಳು. ಕ್ವಾರ್ಟರ್ಸಿಗೆ ಯಾವ ಪಾತ್ರೆ ಒಯ್ಯುವುದು, ಯಾವುದು ಇಲ್ಲಿ ಬಿಡುವುದು ಎಂದು ಅವಳು ಅವತ್ತೇ ಬೇರೆ ಮಾಡಿ ಇಟ್ಟಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು.

ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಗಾಡಿಯ ಪಕ್ಕ ನಿಂತಿದ್ದಳು.

"ಸಂತೆ ತನಕ ಇದು ಇಲ್ಲೇ ಇರ್ತದಲ್ಲ?"

"ಇರ್ತದೆ. ಯಾಕೆ?"

"ನಾನೊಂದ್ಸಲ ಕೂತ್ಕಂಡ್ ನೋಡ್ತೀನಿ."

"ಓಡಲ್ಲ ಕಣೇ ಇದು."

"ಓಡಲ್ಲ ಅಂತ ನೀವೇ ಬಯ್ತಾ ಇದೀರಲ್ಲ. ಓಡಲ್ಲ ಅಂದ್ಮೇಲೆ ನಂಗ್ಯಾಕ್ರೀ ಭಯ?"

ಹೊಗೆಸೊಪ್ಪಿನ ಹರಾಜು ನಡೆಯುವ ಜಾಗದ ಪಕ್ಕದ ಬಯಲಿಗೆ ಅವಳನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಹರಾಜು ಮುಗಿದ ಕಾಲವಾದ್ದರಿಂದ ಅಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಹೊರಟಿತು. ಸ್ವಲ್ಪ ದೂರ ಹೋಗಿ ಓಲಾಡಿತು, ಅವಳು ಗಾಬರಿಯಲ್ಲಿ ಹಿಂದಿನಂತೆಯೇ ಆಕ್ಸಿಲರೇಟರ್ ಪೂರಾ ತಿರುಚಿದಳು. ನಾನು ಕೂಗಿಕೊಂಡು ಓಡಿದೆ. ಏನೂ ಆಗಲಿಲ್ಲ. ಗಾಡಿ ಹೋಗುತ್ತಿದ್ದ ಹಾಗೇ ಹೋಗುತ್ತಿತ್ತು. ಅವಳು ಇನ್ನೊಂದು ಸಲ ತಿರುಚಿ ನೋಡಿದಳು. ಆಗಲೂ ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ನಗುತ್ತಿದ್ದಳು. ಮಗಳು ಪಕ್ಕದಲ್ಲಿ ಓಡಿಕೊಂಡು ಹೋಗಿ, "ನಾನ್ ಫಸ್ಟ್ ಬಂದೆ ಅಮ್ಮ!" ಎಂದು ಕುಣಿದಳು.

ಅಲ್ಲಿಂದ ಪ್ರತಿ ಸಂಜೆ ಅದೇ ಕೆಲಸ. ಬ್ರೇಕು ಹಿಡಿಯುವುದು, ತಿರುಗಿಸುವುದು, ಒಂದು ಕೈ ಚಾಚಿ ಸನ್ನೆ ಮಾಡುವುದು. ಎರಡು ಇಟ್ಟಿಗೆ ಇಟ್ಟು, ಲೈಸೆನ್ಸಿಗೆ ಹಾಕಿಸುವ ಹಾಗೆ, ಅವುಗಳ ಸುತ್ತ ಎಂಟು ಹಾಕುವುದು. ಕಾಲು ಕೆಳಗೆ ಬಿಡದೆ ಹಾಕಿದಳು. ಬೇರೆ ಯಾವ ವಾಹನವೂ ಅಷ್ಟು ನಿಧಾನವಾಗಿ, ಅಷ್ಟು ತಾಳ್ಮೆಯಿಂದ ಒಬ್ಬರ ತಪ್ಪನ್ನು ಸಹಿಸಲಾರದು. ಅದಕ್ಕೆ ಕೈಲಾಗುತ್ತಿದ್ದದ್ದು ಅದೊಂದೇ.

ಸಂತೆಯ ದಿನ ಬಂದ ಮಾವ ಬಯಲಿನ ಅಂಚಿನಲ್ಲಿ ನಿಂತು ನೋಡಿದರು.

"ಇದ್ಯಾರವ್ವ ಇದು, ನನ್ ಮಗಳಾ?"

ಅವಳು ಅವರ ಕಾಲ ಹತ್ತಿರಕ್ಕೆ ತಂದು ನಿಲ್ಲಿಸಿದಳು. "ಅಪ್ಪ, ಇದ್ನ ಕೊಟ್ ಬಂದ್ಬುಡಿ. ನಿಮ್ ಕಡೆ ಯಾರ್ದಾದ್ರೂ ಹಳೇ ಮೊಪೆಡ್ ಇದ್ರೆ ನೋಡಿ."

ಮಾವನೂ ನಾನೂ ಗಾಡಿಯನ್ನು ತಿರುಗಿ ಒಪ್ಪಿಸಲು ಹೋದೆವು. ಟೈ ಕಟ್ಟಿದವನು ಟೈರಿನ ಧೂಳು ನೋಡಿ ಮುಖ ಸಿಂಡರಿಸಿದ.

"ಏನ್ ಸಾರ್ ಪ್ರಾಬ್ಲಮ್ಮು?"

"ಮಲೀಕತದೆ" ಎಂದರು ಮಾವ.

"ಮಲಗೋದು ಅಂದ್ರೆ? ಒಂದು ವಾರ ಓಡ್ಸಿದೀರಲ್ಲ ಯಜಮಾನ್ರೇ!"

"ಎಲ್ ಓಡ್ಸಿದ್ದು? ತಳ್ಳಿದ್ದೀವಿ. ಲೆಕ್ಕ ಹಾಕುದ್ರೆ ಕೂಲಿ ನೀವೇ ಕೊಡ್ಬೇಕಾಯ್ತದೆ."

ಅವನು ಲೆಕ್ಕ ಹಾಕುವ ಉಸಾಬರಿಗೆ ಹೋಗಲಿಲ್ಲ.

ಆ ತಿಂಗಳು ಮುಗಿಯುವ ಮುಂಚೆ ಮಾವ ಅವರ ಊರಿನ ಮೇಷ್ಟರೊಬ್ಬರ ಹಳೆಯ ಮೊಪೆಡ್ ತಂದು ಕೊಟ್ಟರು. ಹೊಗೆ ಇತ್ತು, ಸದ್ದಿತ್ತು, ಪೆಟ್ರೋಲ್ ಕುಡಿಯುತ್ತಿತ್ತು, ಕಿಕ್ ಹೊಡೆಯಬೇಕಿತ್ತು. ಏರು ಹತ್ತುತ್ತಿತ್ತು, ಸಂಜೆ ಮನೆಗೆ ಬರುತ್ತಿತ್ತು. ಅವಳು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿ, ಮುಂದೆ ಕೆಂಪು ಅಕ್ಷರದ ಬೋರ್ಡು ಕಟ್ಟಿಕೊಂಡು ಹೊರಟಳು. ಮೊದಲ ದಿನ ನಾನು ಪಿರಿಯಾಪಟ್ಟಣದ ಸಂಘದಲ್ಲಿ ಕೂತು ಒಂದು ರಸೀದಿಯನ್ನೂ ಸರಿಯಾಗಿ ಬರೆಯಲಿಲ್ಲ. ಮನೆಗೆ ಬಂದರೆ ಅವಳು ನನಗಿಂತ ಮೊದಲೇ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಂಬತ್ತಕ್ಕೆ ಮುಂಚೆ ಬಾಗಿಲು ತೆರೆದೆ, ಸಾಹೇಬರು ಹನ್ನೊಂದೂವರೆಗೆ ಬಂದರು ಎಂದಳು. ಬೇರೆ ಮಾಡಿ ಇಟ್ಟಿದ್ದ ಪಾತ್ರೆಗಳು ಒಂದೊಂದಾಗಿ ಸ್ಟ್ಯಾಂಡಿಗೆ ವಾಪಸಾದವು.

ಒಂದೆರಡು ತಿಂಗಳಾದ ಮೇಲೆ, ಹೊಲಿಗೆ ಹೇಳಿಕೊಡುವ ಹೆಂಗಸೊಬ್ಬರು ಮನೆಗೆ ಬಂದರು. ನರ್ಸಮ್ಮನವರು ನಮ್ಮ ಗಾಡಿಯಲ್ಲೇ ಎಲ್ಲ ಕಡೆ ಓಡಾಡಿದವರು ಎಂದು ಆ ಟೈ ಕಟ್ಟಿದವನು ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದನಂತೆ. ನನಗೆ ಮೈ ಉರಿಯಿತು.

"ಹೆಂಗದೆ ಆ ಗಾಡಿ? ತಕಬೌದಾ?" ಎಂದು ಆಕೆ ಕೇಳಿದರು.

"ಕಲಿಯಕ್ಕೆ ಒಳ್ಳೇದು ಕಣಕ್ಕ, ಹೋಗಿ ಬರಕ್ಕಲ್ಲ" ಎಂದಳು ನನ್ನ ಹೆಂಡತಿ. "ದುಡ್ಡು ಕೊಡ್ಬೇಡಿ. ಗೇಯ್ಮೆ ನೋಡ್ಬೇಕು ಅಂತ ಕೇಳಿ ಒಂದ್ ವಾರ ಇಸ್ಕಳಿ."

ಮುಂದಿನ ಸಂತೆಯ ಹೊತ್ತಿಗೆ ಟೈ ಕಟ್ಟಿದವನು ಗಾಡಿಯನ್ನು ಓಡಿಸಿ ನೋಡಲು ಮನೆಗೆ ಕೊಡುವುದಿಲ್ಲವೆಂದು ಬೋರ್ಡು ಬರೆಸಿ ಹಾಕಿದ್ದ. ಅಷ್ಟರೊಳಗೆ ಹೊಲಿಗೆಯವರು ಬಯಲಿನಲ್ಲಿ ಎಂಟು ಹಾಕುವುದನ್ನು ಕಲಿತಾಗಿತ್ತು.