ಮೆಟ್ಟಿಲ ಮೇಲೆ ನಿಂತು ಫೋನ್ ಮಾಡುವವರು

ಫೆಬ್ರವರಿ 12, ಬುಧವಾರ, ಸಂಜೆ ಆರೂಕಾಲಕ್ಕೆ ಈ ಬ್ಲಾಗ್ ಬರೆಯಲು ಕೂತೆ.

ಕೆನಡಾದ ಸ್ಕಾರ್‌ಬರೋದಲ್ಲಿ ನಾನು ಬಾಡಿಗೆಗಿರುವ ಬೇಸ್‌ಮೆಂಟಿನ ಮಾಲೀಕರು ಧಾರವಾಡದ ಕಡೆಯ ನಿವೃತ್ತ ಎಂಜಿನಿಯರ್. ಬಹಳ ವರ್ಷ ಅಮೆರಿಕದಲ್ಲಿದ್ದು ಇಲ್ಲಿಗೆ ಬಂದವರು. ಕೆಳಗೆ ಬರಬೇಕಾದರೆ ತಮ್ಮದೇ ಮನೆಯ ಮೆಟ್ಟಿಲ ಮೇಲೆ ನಿಂತು ನನಗೆ ಫೋನ್ ಮಾಡುತ್ತಿದ್ದರು. ಅವರ ದನಿ ಫೋನಿನಲ್ಲೂ ಬಾಗಿಲಾಚೆಯಿಂದಲೂ ಒಟ್ಟಿಗೆ ಕೇಳುತ್ತಿತ್ತು. ನಾನು ನಕ್ಕರೆ, "ನಗಬ್ಯಾಡವ್ವಾ. ಅವರವರ ಬಾಗಿಲು ಅವರವರದು. ಅಮೆರಿಕಾದಾಗ ಕಲ್ತದ್ದು ಇದೊಂದು ಚಲೋ ಅದ" ಎನ್ನುತ್ತಿದ್ದರು. ಮಂಡ್ಯದ ನಮ್ಮ ಬೀದಿಯಲ್ಲಿ ಬಾಗಿಲು ತಟ್ಟಿದರೆ ಬಂದವರು ಹೊಸಬರೆಂದೇ ಅರ್ಥ.

ಕಳೆದ ಗುರುವಾರ ಬೆಳಿಗ್ಗೆ ಮೇಲೆ ಕುಕ್ಕರ್ ಕೂಗಲಿಲ್ಲ. ಮೆಸೇಜ್‌ಗೆ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಅದು ಮೇಲೆ ರಿಂಗಾಗುವುದು ಕೇಳಿಸುತ್ತಿತ್ತು. ಮೆಟ್ಟಿಲು ಹತ್ತಿ ಅವರ ಬಾಗಿಲ ಹಿಡಿಕೆ ಹಿಡಿದು ಸ್ವಲ್ಪ ಹೊತ್ತು ನಿಂತೆ, ಆಮೇಲೆ ತಳ್ಳಿದೆ. ಅವರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು, ಎಚ್ಚರವಾಗಿಯೇ.

"ಕೂಗಬಾರದಿತ್ತಾ ಅಂಕಲ್?"

"ನಿಂದು ಪರೀಕ್ಷಾ ಅದ ಅಂದಿದ್ದಿ. ಎಬ್ಬಿಸೋದು ಬ್ಯಾಡ ಅಂತ ಸುಮ್ನಿದ್ದೆ."

ಆಂಬ್ಯುಲೆನ್ಸ್ ಅವರನ್ನು ಕರೆದೊಯ್ದಿತು. ಆಸ್ಪತ್ರೆಯ ಕೌಂಟರಿನಲ್ಲಿ ನೀವು ಮನೆಯವರಾ ಎಂದು ಕೇಳಿದರು. ಬಾಡಿಗೆಯವಳು ಎಂದೆ. ಹಾಗಾದರೆ ಏನನ್ನೂ ಹೇಳಲಾಗದು ಎಂದರು. ಊರಿನಿಂದ ಅಮ್ಮ ಫೋನಿನಲ್ಲಿ, "ಮಗಳು ಅನ್ನಕ್ಕೆ ಏನಾಗಿತ್ತೇ ನಿಂಗೆ?" ಎಂದು ಬೈದಳು. ಅಂಕಲ್‌ಗೆ ಮಕ್ಕಳಿದ್ದಾರೋ ಇಲ್ಲವೋ, ನಾನು ಕೇಳಿರಲೇ ಇಲ್ಲ. ಆಂಬ್ಯುಲೆನ್ಸ್ ಹತ್ತಿಸುವಾಗ ಅವರ ಫೋನನ್ನು ಅವರ ಕೈಗೇ ಕೊಟ್ಟು ಕಳಿಸಿದ್ದೆ, ಈಗ ಅದೂ ಸ್ವಿಚ್ ಆಫ್.

ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ಅವರು ಹೇಗಿದ್ದಾರೆಂದು ದಯವಿಟ್ಟು ಎರಡು ಸಾಲು ಬರೆಯಿರಿ. ಬರೆಯಬಹುದೇ ಎಂದು ಅವರನ್ನು ಕೇಳಿಕೊಂಡೇ ಬರೆಯಿರಿ.