ಎಮ್ಮೆ ಈದ ದಿನದ ವೃತ್ತಿ ಮಾರ್ಗದರ್ಶನ

ನಾನು ಹೊರ್ತಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತನೇ ತರಗತಿಯವರಿಗೆ ಮುಂದೆ ಏನು ಓದಬಹುದು, ಯಾವ ಕೆಲಸ ಹಿಡಿಯಬಹುದು ಎಂದು ತಿಳಿಸಿಕೊಡುವ ಹೊಣೆಯೂ ಒಂದು ವರ್ಷ ನನ್ನ ಮೇಲೆ ಬಿತ್ತು. ಏನಾಗ್ತೀರಿ ಎಂದರೆ ಅರ್ಧ ತರಗತಿ ಪೊಲೀಸ್ ಅನ್ನುತ್ತಿತ್ತು, ಉಳಿದರ್ಧ ಟೀಚರ್. ಅವರು ಹತ್ತಿರದಿಂದ ಕಂಡಿದ್ದ ನೌಕರಿಗಳೇ ಅಷ್ಟು. ಬೇರೆಯದನ್ನೂ ಕೇಳಲಿ ಎಂದು ಪಶು ಆಸ್ಪತ್ರೆಯ ವೈದ್ಯೆಯನ್ನು ಕರೆಸಿದೆ. ಸಿಂದಗಿ ಕಡೆಯವರು, ಚಿಕ್ಕ ವಯಸ್ಸು.

ಅವರಿನ್ನೂ ತಮ್ಮ ಕಾಲೇಜಿನ ಕತೆ ಹೇಳುತ್ತಿದ್ದಾಗಲೇ ಫೋನ್ ಬಂತು. ಶಾಲೆಯ ಹಿಂದಿನ ಹೊಲದ ಮನೆಯಲ್ಲಿ ಎಮ್ಮೆಯೊಂದು ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ.

"ಮೇಡಮ್ಮಾರ, ಹುಡುಗೂರ್ನೂ ಕರಕೊಂಡು ಬರ್ರಿ. ನಾ ಬಾಯಿಲೆ ಹೇಳೂದಕ್ಕಿಂತ ಅಲ್ಲೇ ನೋಡ್ಲಿ" ಎಂದು ಚೀಲ ಎತ್ತಿಕೊಂಡರು. ಹೆಡ್‌ಮಾಸ್ತರರೂ ಹ್ಞೂಂ ಎಂದರು.

ಎಮ್ಮೆ ಬೇವಿನ ಮರದ ಕೆಳಗೆ ಮಲಗಿತ್ತು. ಮನೆಯ ಹೆಣ್ಣುಮಗಳು ಅದರ ತಲೆ ಹಿಡಿದು ಕೂತಿದ್ದಳು. ವೈದ್ಯೆ ಭುಜದವರೆಗೂ ಕೈಗವಸು ಏರಿಸಿ, ನೆಲಕ್ಕೆ ಮೈಚಾಚಿ, ಕೈ ಒಳಗೆ ಹಾಕಿದರು. ಕಣ್ಣು ಮುಚ್ಚಿದ್ದರು. ಬೆರಳಲ್ಲೇ ನೋಡುತ್ತಿದ್ದಾರೆ ಅನ್ನಿಸಿತು.

"ಕಾಲು ಸೀದಾ ಅದಾವು. ಕುತ್ತಿಗಿ ಹಿಂದಕ್ಕ ತಿರುಗೇತಿ."

ಮುದ್ದೇಬಿಹಾಳದ ವ್ಯಾಪಾರಸ್ಥರ ಮನೆಯಲ್ಲಿ ಬೆಳೆದವಳು ನಾನು. ಗರ್ಭಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಅದೆಷ್ಟೋ ಸಲ ಬರೆದಿದ್ದೆ. ಒಂದು ಜೀವ ಹುಟ್ಟುವುದನ್ನು ಕಂಡಿರಲಿಲ್ಲ. ಮಕ್ಕಳಿಗಿಂತ ಮುಂದೆ ನಾನೇ ನಿಂತಿದ್ದೆ.

ಬಹಳ ಹೊತ್ತಾದ ಮೇಲೆ ವೈದ್ಯೆಯ ಮುಖ ಸಡಿಲಾಯಿತು. "ಬಂತು. ತಲಿ ಸೀದಾ ಆತು." ಕರುವಿನ ಮುಂಗಾಲುಗಳಿಗೆ ಮೆತ್ತನೆಯ ಹಗ್ಗ ಬಿಗಿದು, "ಒಬ್ಬರು ಬರ್ರಿ. ಅದು ತಿಣುಕಿದಾಗಷ್ಟ ಜಗ್ಗಬೇಕು" ಎಂದರು.

ಯಾರೂ ಕದಲಲಿಲ್ಲ. ಆಮೇಲೆ ಒಬ್ಬ ಹುಡುಗಿ ಓಢಣಿಯನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದೆ ಬಂದಳು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆಯೆತ್ತದ ಹುಡುಗಿ. ಎಮ್ಮೆ ತಿಣುಕಿದಾಗ ಜಗ್ಗಿದಳು, ಅದು ಬಿಟ್ಟಾಗ ಬಿಟ್ಟಳು. ಅವಳ ಉಸಿರೂ ಅದರ ಉಸಿರೂ ಒಂದೇ ಆದಂತಿತ್ತು.

ಕರು ಒಮ್ಮೆಲೇ ಜಾರಿ ಬಿತ್ತು. ಕಪ್ಪಗೆ, ಒದ್ದೆಯಾಗಿ, ಅಲ್ಲಾಡದೆ.

ವೈದ್ಯೆ ಅದರ ಬಾಯಿ ಮೂಗು ಒರೆಸಿದರು, ಹುಲ್ಲಿನಿಂದ ಎದೆ ತಿಕ್ಕಿದರು, ಒಂದು ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿದರು. ಕರು ಸೀನಿತು. ಕಿವಿ ಕೊಡವಿತು. ತಾಯಿ ಕುತ್ತಿಗೆ ಹೊರಳಿಸಿ, ನಾನೆಂದೂ ಕೇಳಿರದ ಸಣ್ಣ ದನಿಯಲ್ಲಿ ಕರೆಯಿತು.

ವೈದ್ಯೆ ಕೈ ತೊಳೆಯುವಾಗ ಆ ಹುಡುಗಿ ನೀರು ಹಾಕುತ್ತ ಕೇಳಿದಳು: "ಇದಕ್ಕ ಏನ್ ಓದಬೇಕ್ರಿ?"

"ನನ್ನಂಗ ಡಾಕ್ಟರ್ ಆಗಬೇಕಂದ್ರ ಪಿಯುಸಿ ಸೈನ್ಸ್ ತೊಗೊ, ಬಯಾಲಜಿ ಇರಬೇಕು. ಲಗೂನ ಕೆಲಸಕ್ಕ ಹತ್ತಬೇಕಂದ್ರ ಹತ್ತನೇದು ಮುಗದ ಮ್ಯಾಲ ಡಿಪ್ಲೊಮಾನೂ ಐತಿ."

"ನಿಮಗ ಹೇಸಿಗಿ ಆಗೂದಿಲ್ಲೇನ್ರಿ?" ಹಿಂದಿನಿಂದ ಯಾರೋ ಕೇಳಿದರು.

"ಮೊದಲನೇ ಸಲ ವಾಂತಿ ಮಾಡ್ಕೊಂಡಿದ್ದೆ" ಎಂದು ನಕ್ಕರು.

ಕೆಲವು ದಿನಗಳ ನಂತರ ಹಗ್ಗ ಜಗ್ಗಿದ ಆ ಹುಡುಗಿಯನ್ನು ಕರೆದುಕೊಂಡು ಅವಳ ಅಪ್ಪ ಶಾಲೆಗೆ ಬಂದರು. "ಹೆಣ್ಣುಡುಗಿಗಿ ದನದ ದವಾಖಾನಿ ಯಾಕ್ರಿ ಬಾಯಾರ?"

ನನಗಿಂತ ಮೊದಲು ಅವಳೇ ಹೇಳಿದಳು: "ಅಪ್ಪಾ, ನಮ್ಮ ಆಕಳಿಗಿ ಜಡ್ಡಾದ್ರ ನೀ ಕರಿಯೂದು ಆ ಡಾಕ್ಟ್ರ ಬಾಯಾರನ್ನ ಹೌದಲ್ಲೊ?"

ಅವರು ಮಗಳನ್ನೇ ದಿಟ್ಟಿಸಿದರು. ಅವಳು ಅಪ್ಪನೆದುರು ಹಾಗೆ ಮಾತಾಡಿದ್ದು ಅದೇ ಮೊದಲಿರಬೇಕು. "ಓದ್ಸೂಣು ಬಿಡ್ರಿ" ಎಂದು ಎದ್ದರು.

ಅವಳು ಡಿಪ್ಲೊಮಾ ಮುಗಿಸಿ ಈಗ ಮನಗೂಳಿಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ಬಸವನ ಬಾಗೇವಾಡಿಗೆ ಹೊರಟವಳು ನಡುವೆ ಇಳಿದು ನೋಡಲು ಹೋದೆ. ಅಂಗಳದಲ್ಲಿ ಒಂದು ದೊಡ್ಡ ಎತ್ತು, ಕಾಲಿಗೆ ಪೆಟ್ಟಾಗಿ ಯಾರನ್ನೂ ಹತ್ತಿರ ಬಿಡದೆ ಬುಸುಗುಡುತ್ತಿತ್ತು.

"ಒಂದೀಟು ಕೂಡ್ರಿ ಟೀಚರ್, ಇದರ ಕಾಲು ನೋಡಿ ಬರ್ತೇನಿ."

ನಾನು ಕೂರದೆ ನಿಂತೇ ನೋಡಿದೆ. ಅವಳು ಎತ್ತಿನ ಬೆನ್ನು ಸವರುತ್ತ ಏನೋ ಮಾತಾಡಿದಳು. ಸ್ವಲ್ಪ ಹೊತ್ತಿಗೆ ಅಂಥ ಪ್ರಾಣಿ ತನ್ನ ಕಾಲನ್ನು ತಾನಾಗಿಯೇ ಎತ್ತಿ ಅವಳ ಅಂಗೈಗೆ ಕೊಟ್ಟಿತು.