ಆಯಿ ಜಾಡಿಸಿದ ಚೆಂಡುಹೂ

ನಿನ್ನೆ ಮಗಳ ತೊಟ್ಟಿಲಿಗೆ ಕಟ್ಟಲು ನಿಪ್ಪಾಣಿ ಪೇಟೆಯಿಂದ ಚೆಂಡುಹೂ ತಂದೆ. ಚೀಲ ಬಿಚ್ಚಿದಾಗ ಮೂಗಿಗೆ ಬಡಿದ ಆ ಖಾರ ವಾಸನೆ ನನ್ನನ್ನು ಬಾಲ್ಯಕ್ಕೆ, ಆಯಿಯ ಕೋಣೆಗೆ ಒಯ್ದಿತು.

ಅಪ್ಪನ ತಾಯಿ ಆಯಿ, ಸಲ್ಲೇಖನ ವ್ರತ ಹಿಡಿದು, ಸಾವಿಗೆ ಸಿದ್ಧಳಾಗಿ ಅನ್ನ ಬಿಟ್ಟಿದ್ದಳು. ಅಂದು ನೀರನ್ನೂ ಬಿಡುವವಳಿದ್ದಳು. ದರ್ಶನಕ್ಕೆ ಊರ ಜನ ಬರುತ್ತಾರೆಂದು ಅವ್ವ ಬಾಗಿಲಿಗೆ ಹೂವಿನ ತೋರಣ ಪೋಣಿಸುತ್ತಿದ್ದಳು. ನನಗದು ಮದುವೆ ಮನೆಯಂತೆಯೇ ಕಂಡಿತ್ತು.

ನಮ್ಮ ಜೈನರಲ್ಲಿ ಪೋಣಿಸುವ ಮೊದಲು ಪ್ರತಿ ಹೂವನ್ನೂ ಜಾಡಿಸಬೇಕು, ಒಳಗಿನ ಇರುವೆ ಸೂಜಿಗೆ ಸಿಕ್ಕು ಸಾಯಬಾರದು. ಅಂದು ಅವ್ವ ಮರೆತಿದ್ದಳು.

ಚಾಪೆಯ ಮೇಲಿಂದ ಆಯಿ ಸಣ್ಣ ದನಿಯಲ್ಲಿ ಅಂದಳು: "ಝಾಡಿಸಿ ಪೋಣಸವ್ವಾ. ಒಳಗ ಇರವಿ ಇರ್ತಾವ."

ಅವ್ವನ ಕೈ ನಿಂತಿತು. "ಇರವಿ ಚಿಂತಿ ಐತ್ರಿ ಅತ್ತಿ ನಿಮಗ. ನಮ್ಮ ಚಿಂತಿ ಇಲ್ಲ."

ಆಯಿ ಕೈ ಚಾಚಿದಳು. ಅವ್ವ ಪೋಣಿಸಿದ್ದನ್ನೆಲ್ಲ ಬಿಚ್ಚಿ, ಒಂದೊಂದೇ ಹೂವನ್ನು ಆ ಒಣಗಿದ ಅಂಗೈಯಲ್ಲಿಟ್ಟಳು. ಆಯಿ ಜಾಡಿಸಿ ಜಾಡಿಸಿ ಹಿಂದಕ್ಕೆ ಕೊಟ್ಟಳು. ತೋರಣ ಮುಗಿಯಿತು, ಜನ ಬಂದರು, ಆಯಿ ನೀರು ಬಿಟ್ಟಳು. ತೋರಣ ಬಾಡುವ ಮೊದಲೇ ಹೋದಳು.

ನಿನ್ನೆ ನಾನು ಜಾಡಿಸಿದಾಗ ಒಂದು ಕರಿ ಇರುವೆ ನೆಲಕ್ಕೆ ಬಿದ್ದು, ತೊಟ್ಟಿಲ ಕೆಳಗಿಂದ ಬಾಗಿಲಿನತ್ತ ಓಡಿತು. ಅದು ಹೊಸ್ತಿಲು ದಾಟುವವರೆಗೂ ತೊಟ್ಟಿಲ ಬಳಿ ಕೂತಿದ್ದ ಅವ್ವ ನೋಡುತ್ತಿದ್ದಳು.

"ಇರವಿಗಾದ್ರೂ ಬದುಕಬೇಕ ಅನಸೇತಿ," ಎಂದಳು.